ಜಡ್ಜ್ ಹೆಸರುಗಳನ್ನ ಖಾಲಿ ಬಿಟ್ಟು ಬರಬೇಡಿ: ನಾರ್ತ್ ಕೆರೊಲಿನಾದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ರಾಲೀ, ಡರ್ಹಮ್, ಕ್ಯಾರಿ, ಮೊರಿಸ್‌ವಿಲ್, ಏಪೆಕ್ಸ್ ಕಡೆಯೋರಿಗೂ, ಅತ್ಲಾಗೆ ಗ್ರೀನ್ಸ್‌ಬರೊ, ಶಾರ್ಲೆಟ್‌ನಲ್ಲಿ ಇರೋರಿಗೂ, ಎಲ್ಲ ಕನ್ನಡ ಬಂಧುಗಳಿಗೆ ನಮಸ್ಕಾರ.

2025ರ ದೀಪಾವಳಿ ವಾರ ನಾವೆಲ್ಲ ಎಣ್ಣೆಸ್ನಾನ, ಕಜ್ಜಾಯ, ಮಕ್ಕಳಿಗೆ ಸ್ಕೂಲಿದೆ ರಜಾ ಇಲ್ಲ ಅನ್ನೋ ಗೋಳು, ಇದರಲ್ಲೇ ಮುಳುಗಿದ್ವಲ್ಲ, ಅದೇ ವಾರ ರಾಲೀಲಿ ನಮ್ಮ ರಾಜ್ಯದ ಶಾಸನಸಭೆ, ಅಂದ್ರೆ ಜನರಲ್ ಅಸೆಂಬ್ಲಿಯೋರು ಕಾಂಗ್ರೆಸ್ ಕ್ಷೇತ್ರಗಳ ಗಡಿ ಮತ್ತೆ ಬರೆದ್ರು (ಕಾಂಗ್ರೆಸ್ ಅಂದ್ರೆ ಇಲ್ಲಿ ವಾಷಿಂಗ್ಟನ್ನಿನ ಪಾರ್ಲಿಮೆಂಟು, ನಮ್ಮೂರ ಪಾರ್ಟಿ ಅಲ್ಲ). ಸೋಮವಾರ ಶುರು ಮಾಡಿ ಬುಧವಾರ, ಅಂದ್ರೆ ಅಕ್ಟೋಬರ್ 22, ಬಲಿಪಾಡ್ಯಮಿ ದಿನ ಮುಗಿಸೇಬಿಟ್ರು. ಹೊಸ ಸೆನ್ಸಸ್ ಬಂದಿತ್ತಾ? ಇಲ್ಲ. ಕೋರ್ಟು ಹೇಳಿತ್ತಾ? ಅದೂ ಇಲ್ಲ. ಮ್ಯಾಪ್ ಬರೆದ ಸೆನೆಟರ್ ರಾಲ್ಫ್ ಹೈಸ್ ಒಂಚೂರೂ ಮುಚ್ಚುಮರೆ ಇಲ್ದೆ ಹೇಳಿದ್ರು, ಇದರ ಉದ್ದೇಶ ಒಂದೇ ಒಂದು, ರಿಪಬ್ಲಿಕನ್ ಪಾರ್ಟಿಗೆ ಇನ್ನೊಂದು ಸೀಟು ತರೋದು ಅಂತ. 14ರಲ್ಲಿ 10 ಆಗ್ಲೇ ಅವರ ಕೈಲಿತ್ತು, ಹನ್ನೊಂದನೇದು ಬೇಕಿತ್ತು ಅಷ್ಟೇ.

ಆ ಹನ್ನೊಂದನೇದು ಯಾವುದಪ್ಪಾ ಅಂದ್ರೆ ಈಶಾನ್ಯ ಮೂಲೆಯ 1ನೇ ಡಿಸ್ಟ್ರಿಕ್ಟು. 1992ರಿಂದ ಅಲ್ಲಿ ಕಪ್ಪು ಜನಾಂಗದ ಪ್ರತಿನಿಧಿನೇ ಗೆದ್ದು ಬರ್ತಿರೋದು. 2024ರಲ್ಲಿ ಡಾನ್ ಡೇವಿಸ್ ಎರಡು ಪರ್ಸೆಂಟಿಗಿಂತ ಕಮ್ಮಿ ಅಂತರದಲ್ಲಿ ಗೆದ್ರು, ಅದೂ ಹೇಗೆ, ಅಧ್ಯಕ್ಷರ ಕಾಲಮ್ಮಲ್ಲಿ ಟ್ರಂಪ್‌ಗೆ ಹಾಕಿದ ಒಂದಷ್ಟು ಜನಾನೇ ಕೆಳಗೆ ಬಂದು ಇವರಿಗೂ ಹಾಕಿದ್ರು. ಅಂದ್ರೆ ನಿಜವಾದ ಪೈಪೋಟಿ ಇದ್ದ ಕ್ಷೇತ್ರ ಅದು, ರಾಜ್ಯದಲ್ಲಿ ಅಂಥದ್ದು ಉಳಿದಿದ್ದೇ ಅದೊಂದು, ಅದನ್ನೂ ಕರಾವಳಿ ಕಡೆಯ ಒಂದಷ್ಟು ಕೌಂಟಿ ಸೇರಿಸಿ, ಈ ಕಡೆಯ ಒಂದಷ್ಟು ತೆಗೆದು ತಿರುಗಿಸಿಬಿಟ್ರು.

ಇದಕ್ಕೂ ನಮಗೂ ಏನ್ ಸಂಬಂಧ, ನಾವು ಎಲ್ಲೋ ಮೊರಿಸ್‌ವಿಲ್ಲಲ್ಲಿ ಟೌನ್‌ಹೋಮ್ ತಗೊಂಡು ಮಾರ್ಟ್‌ಗೇಜ್ ಕಟ್ಕೊಂಡು ಇದೀವಿ ಅಂತ ಕೇಳ್ಬೋದು ನೀವು. ಹೇಳ್ತೀನಿ. ನಾನು ಕೊನೇಲಿ ಕೇಳೋದು ಒಂದೇ ವಿಷಯ, ಅದನ್ನ ಈಗ್ಲೇ ಹೇಳಿಬಿಡ್ತೀನಿ: ಬ್ಯಾಲೆಟ್ ಹಾಳೇಲಿ ಕೆಳಗಡೆ ಎಲ್ಲೋ ಬರುತ್ತಲ್ಲ ರಾಜ್ಯದ ಸುಪ್ರೀಂ ಕೋರ್ಟ್ ಜಡ್ಜ್ ಎಲೆಕ್ಷನ್, ಅದನ್ನ ಖಾಲಿ ಬಿಟ್ಟು ಬರಬೇಡಿ. ಯಾಕೆ ಅನ್ನೋದಕ್ಕೆ ಸ್ವಲ್ಪ ಉದ್ದ ಕಥೆ ಇದೆ, ಕಾಫಿ ಮಾಡ್ಕೊಂಡು ಬಂದು ಓದಿ.

ಮೊದಲು ನಮ್ಮ ಲೆಕ್ಕ. 2020ರ ಸೆನ್ಸಸಲ್ಲಿ ಈ ರಾಜ್ಯದ ಜನಸಂಖ್ಯೆ 1 ಕೋಟಿ 4 ಲಕ್ಷ ದಾಟ್ತು, ಹತ್ತು ವರ್ಷದಲ್ಲಿ 9 ಲಕ್ಷ ಹೆಚ್ಚು, ಅದಕ್ಕೇ ಇದ್ದ 13 ಸೀಟು 14 ಆಯ್ತು. ಸೆನ್ಸಸ್ಸಿನೋರು ತಲೆ ಎಣಿಸುವಾಗ ಸಿಟಿಜನ್ನಾ, ಗ್ರೀನ್ ಕಾರ್ಡಾ, ಎಚ್ ಒನ್ ಬಿ ನಾ ಅಂತ ನೋಡಿ ಬಿಡಲ್ಲ, ಎಲ್ಲರನ್ನೂ ಎಣಿಸ್ತಾರೆ, ಮಕ್ಕಳನ್ನೂ, ಜೊತೇಲಿ ಬಂದು ಇರೋ ಗ್ರೀನ್ ಕಾರ್ಡ್ ಅಜ್ಜಿ ತಾತನ್ನೂ. ಅಂದ್ರೆ ಆ ಹದಿನಾಲ್ಕನೇ ಸೀಟು ಬಂದಿದ್ದರಲ್ಲಿ ನಮ್ಮಂಥೋರ ತಲೆಗಳೂ ಇವೆ. ಒಂದೊಂದು ಕ್ಷೇತ್ರಕ್ಕೂ ಸುಮಾರು 7 ಲಕ್ಷ 45 ಸಾವಿರ ಜನ ಬೇಕು, ಆ ಭರ್ತಿಗೆ ನಾವು ಬೇಕು, ಆದ್ರೆ ಗೆರೆ ಎಲ್ಲಿ ಹೋಗ್ಬೇಕು ಅಂತ ಬಂದಾಗ ನಮ್ಮ ಬೀದಿ ಯಾವ ಪಾರ್ಟಿ ಬಣ್ಣ ಅಂತ ಮಾತ್ರ ನೋಡ್ತಾರೆ.

ಪಾರ್ಟಿ ಲಾಭಕ್ಕೆ ಗೆರೆ ಎಳೆಯೋ ವಿಧಾನ ಎರಡೇ. ಎದುರು ಪಾರ್ಟಿಯೋರನ್ನ ಒಂದೆರಡು ಕ್ಷೇತ್ರದಲ್ಲಿ ಒತ್ತಿ ಒತ್ತಿ ತುಂಬೋದು, ಅಲ್ಲಿ ಅವರು ಎಪ್ಪತ್ತು ಪರ್ಸೆಂಟಲ್ಲಿ ಗೆಲ್ಲಲಿ ಬಿಡಿ, ಆ ಹೆಚ್ಚುವರಿ ವೋಟೆಲ್ಲ ದಂಡ. ಉಳಿದೋರನ್ನ ಒಡೆದು ನಾಲ್ಕು ಕಡೆ ಹಂಚೋದು, ಎಲ್ಲಿಯೂ ಗೆಲ್ಲೋಷ್ಟು ಆಗ್ಬಾರ್ದು ಹಂಗೆ. ಗ್ರೀನ್ಸ್‌ಬರೊ ಇರೋ ಗಿಲ್ಫರ್ಡ್ ಕೌಂಟಿನ 2023ರ ಮ್ಯಾಪಲ್ಲಿ ಮೂರು ಕ್ಷೇತ್ರಕ್ಕೆ ಹರಿದು ಹಂಚಿದ್ರು, ಮೂರರಲ್ಲೂ ರಿಪಬ್ಲಿಕನ್ನರಿಗೇ ಅನುಕೂಲ. ನಮ್ಮ ಕಡೆಯ 13ನೇ ಡಿಸ್ಟ್ರಿಕ್ಟ್ ಮ್ಯಾಪ್ ತೆಗೆದು ನೋಡಿ, ರಾಲೀ ಡರ್ಹಮ್ ಸುತ್ತ ಅರ್ಧಚಂದ್ರದ ಥರ ಬಳಸ್ಕೊಂಡು ಹೋಗುತ್ತೆ, ಊರು ಮಾತ್ರ ಮುಟ್ಟಿಯೂ ಮುಟ್ಟದ ಹಾಗೆ. ನಮ್ಮ ಹಳ್ಳಿ ಕಡೆ ಅಣ್ಣತಮ್ಮಂದಿರು ಜಮೀನು ಪಾಲು ಮಾಡ್ಕೊಳ್ಳುವಾಗ ಒಂದು ಪದ್ಧತಿ ಇತ್ತಲ್ಲ, ದೊಡ್ಡೋನು ಪಾಲು ಮಾಡ್ತಾನೆ, ಚಿಕ್ಕೋನು ಮೊದಲು ಆರಿಸ್ಕೋತಾನೆ ಅಂತ, ಹಂಗಿದ್ರೆ ದೊಡ್ಡೋನು ತಾನಾಗೇ ಸರಿಯಾಗಿ ಪಾಲು ಮಾಡ್ತಾನೆ. ಇಲ್ಲಿ ಪಾಲು ಮಾಡೋನೂ ಅವನೇ, ಮೊದಲು ಆರಿಸೋನೂ ಅವನೇ, ತಕರಾರು ಇದ್ರೆ ಪಂಚಾಯ್ತಿಗೆ ಕೂರೋನು ಯಾರು ಅಂತಲೂ ಅವನೇ ಹೇಳ್ತೀನಿ ಅಂತಾನೆ. ಈ ಮೂರನೇದು ಇದ್ಯಲ್ಲ, ಅದೇ ನಾನು ಬರೀತಿರೋ ವಿಷಯ.

ಇದು ಒಂದೇ ಪಾರ್ಟಿಯ ರೋಗ ಅಂತ ನಾನು ಹೇಳಲ್ಲ, ಹೇಳಿದ್ರೆ ನಮ್ಮ ವಾಟ್ಸಾಪ್ ಗ್ರೂಪಿನ ಕೆಲವರು ಇಲ್ಲೇ ಓದೋದು ನಿಲ್ಲಿಸ್ತಾರೆ, ಅದಕ್ಕಿಂತ ಮುಖ್ಯವಾಗಿ ಅದು ನಿಜಾನೂ ಅಲ್ಲ. ಇದೇ ರಾಜ್ಯದಲ್ಲಿ ಡೆಮಾಕ್ರಟ್ಸ್ ಕೈಲಿ ಪೆನ್ಸಿಲ್ ಇದ್ದಾಗ 1992ರಲ್ಲಿ 12ನೇ ಡಿಸ್ಟ್ರಿಕ್ಟ್ ಅಂತ ಒಂದು ಮಾಡಿದ್ರು, ಶಾರ್ಲೆಟ್‌ನಿಂದ ಡರ್ಹಮ್‌ವರೆಗೂ ಐ 85 ಹೈವೇ ಉದ್ದಕ್ಕೂ 160 ಮೈಲಿ, ಕೆಲವು ಕಡೆ ರಸ್ತೆಗಿಂತ ಅಗಲ ಇರ್ಲಿಲ್ಲ. ಕಾರಿನ ಎರಡೂ ಬಾಗಿಲು ತೆಗೆದು ಹೈವೇಲಿ ಹೋದ್ರೆ ಕ್ಷೇತ್ರದ ಬಹುಪಾಲು ಜನ ಸಾಯ್ತಾರೆ ಅಂತ ಇಲ್ಲಿನ ಒಬ್ಬ ಶಾಸಕರೇ ಜೋಕ್ ಮಾಡಿದ್ರು, ಆ ಜೋಕು 1993ರ ಶಾ ವರ್ಸಸ್ ರೀನೋ ಕೇಸಲ್ಲಿ ಸುಪ್ರೀಂ ಕೋರ್ಟ್ ಜಡ್ಜ್‌ಮೆಂಟಿಗೂ ಹೋಯ್ತು. ಇವತ್ತಿಗೂ ಇಲಿನಾಯ್ ನೋಡಿ, 17ರಲ್ಲಿ 14 ಡೆಮಾಕ್ರಟ್ಸ್. ಮೇರಿಲ್ಯಾಂಡ್ 8ರಲ್ಲಿ 7.

2010ರ ನಂತರ ಆಗಿದ್ದು ಏನಂದ್ರೆ ಕೈಕೆಲಸ ಇದ್ದಿದ್ದು ಫ್ಯಾಕ್ಟರಿ ಆಯ್ತು. ರಿಪಬ್ಲಿಕನ್ ಪಾರ್ಟಿಯೋರು ರೆಡ್‌ಮ್ಯಾಪ್ ಅಂತ ಒಂದು ಪ್ಲಾನ್ ಮಾಡಿದ್ರು, ಸೆನ್ಸಸ್ ವರ್ಷದಲ್ಲಿ ರಾಜ್ಯಗಳ ಅಸೆಂಬ್ಲಿ ಹಿಡಿದ್ರೆ ಮುಂದಿನ ಹತ್ತು ವರ್ಷ ವಾಷಿಂಗ್ಟನ್ ಅಗ್ಗಕ್ಕೆ ಸಿಗುತ್ತೆ ಅಂತ. ಬುದ್ಧಿವಂತಿಕೆ ಒಪ್ಪಲೇಬೇಕು. ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ ನಾರ್ತ್ ಕೆರೊಲಿನಾ ಅಸೆಂಬ್ಲಿಯ ಎರಡೂ ಮನೆ ಅವರಿಗೆ ಬಂತು, ಥಾಮಸ್ ಹೊಫೆಲರ್ ಅನ್ನೋ ಎಕ್ಸ್‌ಪರ್ಟ್ ಕೈಲಿ ಮ್ಯಾಪ್ ಬರೆಸಿದ್ರು, 2012ರಲ್ಲಿ ಒಟ್ಟು ವೋಟು ಡೆಮಾಕ್ರಟ್ಸ್‌ಗೆ ಹೆಚ್ಚು ಬಂದ್ರೂ 13ರಲ್ಲಿ 9 ಸೀಟು ರಿಪಬ್ಲಿಕನ್ಸ್‌ಗೆ ಹೋಯ್ತು.

2016ರಲ್ಲಿ ಆ ಮ್ಯಾಪಿನ ಎರಡು ಕ್ಷೇತ್ರ ಜನಾಂಗ ನೋಡಿ ಬರೆದಿದ್ದು ಅಂತ ಕೋರ್ಟು ರದ್ದು ಮಾಡ್ತು. ಆಗ ಬಂತು ನೋಡಿ ಆ ಮಾತು. ಮ್ಯಾಪ್ ಕಮಿಟಿಯ ಡೇವಿಡ್ ಲೂಯಿಸ್ ಮೈಕ್ ಮುಂದೆ, ರೆಕಾರ್ಡ್ ಆಗ್ತಿರುವಾಗ್ಲೇ, 10 ರಿಪಬ್ಲಿಕನ್ 3 ಡೆಮಾಕ್ರಟ್ ಬರೋ ಹಾಗೆ ಬರೆಯೋಣ ಅಂತ ಪ್ರಪೋಸ್ ಮಾಡ್ತಿದೀನಿ, ಯಾಕಂದ್ರೆ 11 ಮತ್ತು 2 ಬರೋ ಹಾಗೆ ಬರೆಯೋಕೆ ಸಾಧ್ಯ ಇಲ್ಲ ಅಂತ ನನಗನಿಸುತ್ತೆ ಅಂದ್ರು. ಜನಾಂಗ ನೋಡಿ ಮಾಡಿಲ್ಲ ಸ್ವಾಮಿ, ಪಾರ್ಟಿ ನೋಡಿ ಮಾಡಿದೀವಿ ಅಂತ ತೋರಿಸೋಕೆ ಲಾಯರ್‌ಗಳ ಭಾಷೇಲಿ ಅದು ಡಿಫೆನ್ಸು! ಕಳ್ಳತನದ ಕೇಸಲ್ಲಿ ಹಗಲೇ ಮಾಡಿದ್ದು ರಾತ್ರಿ ಅಲ್ಲ ಅಂತ ವಾದ ಮಾಡ್ದಂಗೆ ಅಂತ ನನಗೆ ಅನಿಸ್ತು. ಲೂಯಿಸ್ ಆವತ್ತು ಆಗಲ್ಲ ಅಂದ ಆ ಹನ್ನೊಂದನ್ನ 2025ರಲ್ಲಿ ಮಾಡಿದ್ರು ಬಿಡಿ, ಹದಿನಾಲ್ಕರಲ್ಲಿ.

ಆ 2016ರ ಮ್ಯಾಪಲ್ಲಿ ನನಗೆ ಮರೆಯೋಕೇ ಆಗದ ಗೆರೆ ಅಂದ್ರೆ ಗ್ರೀನ್ಸ್‌ಬರೊದ ನಾರ್ತ್ ಕೆರೊಲಿನಾ ಎ ಅಂಡ್ ಟಿ ಯೂನಿವರ್ಸಿಟಿ ಮಧ್ಯೆ ಹೋದ ಗೆರೆ. ಕಪ್ಪು ವಿದ್ಯಾರ್ಥಿಗಳಿಗಾಗಿ ಕಟ್ಟಿದ ಯೂನಿವರ್ಸಿಟಿಗಳಲ್ಲಿ ಇಡೀ ದೇಶಕ್ಕೆ ದೊಡ್ಡದು ಅದು. 1960ರ ಫೆಬ್ರವರಿ 1ನೇ ತಾರೀಕು ವುಲ್ವರ್ತ್ ಅಂಗಡಿಯ ಬಿಳಿಯರ ಊಟದ ಕೌಂಟರಲ್ಲಿ ಹೋಗಿ ಕೂತು ಎದ್ದೇಳಲ್ಲ ಅಂದ ನಾಲ್ಕು ಜನ ಹುಡುಗರು ಇದ್ರಲ್ಲ, ಇದೇ ಕಾಲೇಜಿನ ಫ್ರೆಶ್‌ಮನ್‌ಗಳು ಅವರು. ಆ ಕ್ಯಾಂಪಸ್ಸನ್ನ ಸರಿಯಾಗಿ ಎರಡು ಹೋಳು ಮಾಡಿ, ಅರ್ಧ 6ನೇ ಡಿಸ್ಟ್ರಿಕ್ಟ್‌ಗೆ, ಅರ್ಧ 13ನೇದಕ್ಕೆ. ಎರಡೂ ಕಡೆ ಗೆದ್ದಿದ್ದು ರಿಪಬ್ಲಿಕನ್. ರಸ್ತೆ ಈ ಕಡೆ ಹಾಸ್ಟೆಲಲ್ಲಿ ಇರೋ ಹುಡುಗಂಗೆ ಒಬ್ಬ ಪ್ರತಿನಿಧಿ, ಆ ಕಡೆ ಇರೋ ಅವನ ಫ್ರೆಂಡ್‌ಗೆ ಇನ್ನೊಬ್ಬ, ಇಬ್ಬರಿಗೂ ಇವರ ವೋಟಿನ ಹೆದರಿಕೆ ಇಲ್ಲ. ಈ ಥರ ಕೆಲಸಕ್ಕೆ ದ್ವೇಷವೂ ಬೇಕಾಗಿಲ್ಲ, ಸಾಫ್ಟ್‌ವೇರ್ ಇದ್ರೆ ಸಾಕು.

ಸಾಫ್ಟ್‌ವೇರ್ ಅಂದ್ನಲ್ಲ, ನಮ್ಮಲ್ಲಿ ಹತ್ತರಲ್ಲಿ ಎಂಟು ಜನ ಅದೇ ಫೀಲ್ಡ್, ಅದಕ್ಕೇ ಈ ಭಾಗ ನಿಮಗೆ ಇಷ್ಟ ಆಗ್ಬೋದು. ಡರ್ಹಮ್‌ನ ಡ್ಯೂಕ್ ಯೂನಿವರ್ಸಿಟಿ ಗಣಿತ ಪ್ರೊಫೆಸರ್ ಜೊನಾಥನ್ ಮ್ಯಾಟಿಂಗ್ಲಿ ಮತ್ತೆ ಅವರ ಹುಡುಗರು ಒಂದು ಸಿಂಪಲ್ ಪ್ರಶ್ನೆ ಹಾಕ್ಕೊಂಡ್ರು. ಪಾರ್ಟಿ ಡೇಟಾ ನೋಡದೇನೇ, ಜನಸಂಖ್ಯೆ ಸಮ ಇರ್ಬೇಕು, ಕೌಂಟಿಗಳನ್ನ ಸುಮ್ಸುಮ್ನೆ ಒಡೀಬಾರ್ದು, ಆಕಾರ ಒಂದು ಮಟ್ಟಕ್ಕೆ ಇರ್ಬೇಕು ಅನ್ನೋ ರೂಲ್ಸ್ ಮಾತ್ರ ಕೊಟ್ಟು ಕಂಪ್ಯೂಟರ್‌ಗೆ ಮ್ಯಾಪ್ ಬರೀ ಅಂದ್ರೆ ಏನು ಬರುತ್ತೆ? 24 ಸಾವಿರಕ್ಕೂ ಹೆಚ್ಚು ಮ್ಯಾಪ್ ಬರೆಸಿ, ಜನ ನಿಜವಾಗಿ ಹಾಕಿದ ವೋಟುಗಳನ್ನೇ ಒಂದೊಂದರ ಮೇಲೂ ಹಾಕಿ ಎಣಿಸಿದ್ರು. ಇನ್ನೊಬ್ಬ ಎಕ್ಸ್‌ಪರ್ಟ್ ಜೋವೆ ಚೆನ್ ಬೇರೆಯಾಗಿ 3,000 ಮ್ಯಾಪ್ ಬರೆಸಿದ್ರು, ಆ ಮೂರು ಸಾವಿರದಲ್ಲಿ ಒಂದೂ ಬಿಡದೆ ಎಲ್ಲದರಲ್ಲೂ ಡೆಮಾಕ್ರಟ್ಸ್‌ಗೆ ಕೊನೇಪಕ್ಷ ಒಂದು ಸೀಟಾದ್ರೂ ಹೆಚ್ಚು ಬಂತು, 77 ಪರ್ಸೆಂಟ್ ಮ್ಯಾಪಲ್ಲಿ ಮೂರೋ ನಾಲ್ಕೋ ಹೆಚ್ಚು. ಡೆಮಾಕ್ರಟ್ಸ್ ಎಲ್ಲ ಸಿಟೀಲೇ ಗುಂಪಾಗಿ ಇರ್ತಾರೆ ಅದಕ್ಕೇ ಅವರಿಗೆ ಸೀಟು ಕಮ್ಮಿ ಅಂತ ಒಂದು ವಾದ ಯಾವಾಗ್ಲೂ ಬರುತ್ತೆ, ಅದರಲ್ಲಿ ಸ್ವಲ್ಪ ನಿಜಾನೂ ಇದೆ, ಆದ್ರೆ ಈ ಸಿಮ್ಯುಲೇಷನ್‌ಗಳಲ್ಲಿ ಜನ ಎಲ್ಲಿದ್ರೋ ಅಲ್ಲೇ ಇದ್ದಾರೆ, ಗೆರೆ ಮಾತ್ರ ಬೇರೆ. ಆದ್ದರಿಂದ 10:3 ಅನ್ನೋದು ಭೂಗೋಳದಿಂದ ಬಂದ ನಂಬರ್ ಅಲ್ಲ. 2016ರಲ್ಲಿ 53 ಪರ್ಸೆಂಟ್ ವೋಟಿಗೆ 13ರಲ್ಲಿ 10 ಸೀಟು. 2018ರಲ್ಲಿ 50 ಪರ್ಸೆಂಟಿಗೆ 12ರಲ್ಲಿ 9 (ಉಳಿದ ಇನ್ನೊಂದು ಸೀಟಿನ ಕಥೆ ಬೇರೆ, ಅಲ್ಲಿ ಆಬ್ಸೆಂಟೀ ಬ್ಯಾಲೆಟ್, ಅಂದ್ರೆ ಪೋಸ್ಟಲ್ಲಿ ಕಳಿಸೋ ವೋಟಿನ ಫ್ರಾಡ್ ಆಗಿ ಎಲೆಕ್ಷನ್ನೇ ಕ್ಯಾನ್ಸಲ್ ಆಯ್ತು, ಅದನ್ನ ಬರೆಯೋಕೆ ಹೋದ್ರೆ ಇನ್ನೊಂದು ಪತ್ರ ಬೇಕು).

ಇಷ್ಟೆಲ್ಲ ಸಾಕ್ಷಿ ಹಿಡ್ಕೊಂಡು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದ್ರೆ 2019ರ ಜೂನ್ 27ಕ್ಕೆ, ರೂಚೋ ವರ್ಸಸ್ ಕಾಮನ್ ಕಾಸ್ ಕೇಸಲ್ಲಿ, ಐದಕ್ಕೆ ನಾಲ್ಕರ ತೀರ್ಪು ಬಂತು. ಚೀಫ್ ಜಸ್ಟಿಸ್ ರಾಬರ್ಟ್ಸ್ ಹೇಳಿದ್ದು, ಇದು ಅನ್ಯಾಯ ಅನಿಸ್ಬೋದು ಆದ್ರೆ ರಾಜಕೀಯದ ಪ್ರಶ್ನೆ, ಫೆಡರಲ್ ಕೋರ್ಟುಗಳು ಇದಕ್ಕೆ ಕೈ ಹಾಕಲ್ಲ, ನಿಮ್ಮ ನಿಮ್ಮ ರಾಜ್ಯದ ಸಂವಿಧಾನ, ರಾಜ್ಯದ ಕೋರ್ಟು ನೋಡ್ಕೊಳ್ಳಿ ಅಂತ. ಜಸ್ಟಿಸ್ ಕೇಗನ್ ಭಿನ್ನಮತ ಬರೆದು ಕೋರ್ಟಲ್ಲೇ ಗಟ್ಟಿಯಾಗಿ ಓದಿದ್ರು. ಓದಿ ಏನ್ ಬಂತು, ಬಾಗಿಲು ಹಾಕಿದ್ದು ಹಾಕಿದ್ದೇ.

ಈಗ ಬೇರೆ ಬಾಗಿಲುಗಳನ್ನ ನೋಡೋಣ. ಗವರ್ನರ್ ವೀಟೊ ಮಾಡ್ಬೋದಲ್ವಾ? ಈ ರಾಜ್ಯದಲ್ಲಿ ಆಗಲ್ಲ. ಗವರ್ನರ್‌ಗೆ ವೀಟೊ ಅಧಿಕಾರ ಕೊಟ್ಟಿದ್ದೇ 1996ರಲ್ಲಿ, ದೇಶದಲ್ಲೇ ಕೊನೇ ರಾಜ್ಯ, ಕೊಡುವಾಗ್ಲೂ ಕ್ಷೇತ್ರದ ಮ್ಯಾಪಿಗೆ ಮಾತ್ರ ಇಲ್ಲ ಅಂತ ಬರೆದೇ ಕೊಟ್ರು. 2024ರಲ್ಲಿ ಡೆಮಾಕ್ರಟ್ ಜಾಷ್ ಸ್ಟೈನ್ ಹತ್ತಿರ ಹತ್ತಿರ 15 ಪಾಯಿಂಟಲ್ಲಿ ಗವರ್ನರ್ ಆಗಿ ಗೆದ್ರು, ಅದೇ ದಿನ ಟ್ರಂಪ್ 3 ಪಾಯಿಂಟಲ್ಲಿ ಇದೇ ರಾಜ್ಯ ಗೆದ್ರು, ಅಂದ್ರೆ ಜನ ಹೆಸರು ನೋಡಿ ಯೋಚನೆ ಮಾಡೇ ಹಾಕ್ತಾರೆ, ಆದ್ರೂ ಕಾಂಗ್ರೆಸ್ ಸೀಟು 10ಕ್ಕೆ 4. ಸ್ಟೈನ್ ಅವರು 2025ರ ಮ್ಯಾಪ್ ವಿರುದ್ಧ ಮಾತಾಡ್ಬೋದಿತ್ತು, ಮಾತಾಡಿದ್ರು, ಅಷ್ಟೇ. ಸರಿ, ಜನರೇ ಸಹಿ ಸಂಗ್ರಹ ಮಾಡಿ ಕಾನೂನು ತರ್ಬೋದಾ? ಮಿಷಿಗನ್‌ನಲ್ಲಿ 2018ರಲ್ಲಿ ಹಂಗೇ ಮಾಡಿದ್ರು, ಸಾಮಾನ್ಯ ಜನ ಸಹಿ ಹಾಕಿಸಿ, ವೋಟಿಗೆ ಹಾಕಿ, 13 ನಾಗರಿಕರ ಕಮಿಷನ್ ಮಾಡ್ಕೊಂಡ್ರು. ನಾರ್ತ್ ಕೆರೊಲಿನಾದಲ್ಲಿ ಆ ಹಕ್ಕೇ ಇಲ್ಲ, ಅಸೆಂಬ್ಲಿ ಒಪ್ಪಿದ್ರೆ ಮಾತ್ರ ಸಂವಿಧಾನ ತಿದ್ದುಪಡಿ ಜನರ ಮುಂದೆ ಬರುತ್ತೆ. ಅಸೆಂಬ್ಲಿಯೋರನ್ನೇ ಸೋಲಿಸೋಣ ಅಂದ್ರೆ ಅವರ ಕ್ಷೇತ್ರದ ಗೆರೆಗಳನ್ನೂ ಅವರೇ ಬರೆದಿರೋದು.

ಉಳಿದಿದ್ದು ಒಂದೇ ಬಾಗಿಲು, ರಾಜ್ಯದ ಸುಪ್ರೀಂ ಕೋರ್ಟು. ಏಳು ಜನ ಜಡ್ಜ್, 8 ವರ್ಷದ ಅವಧಿ, ಇಡೀ ರಾಜ್ಯ ಒಂದೇ ಕ್ಷೇತ್ರ. ಅಲ್ಲಿ ಗೆರೆ ಎಳೆಯೋಕೆ ಜಾಗ ಇಲ್ಲ! ಮೊರಿಸ್‌ವಿಲ್ಲಿನ ವೋಟಿಗೂ ಬೂನ್ ಬೆಟ್ಟದ ವೋಟಿಗೂ ಅಲ್ಲಿ ಒಂದೇ ತೂಕ.

ಆ ಬಾಗಿಲು ಎಷ್ಟು ಕೆಲಸ ಮಾಡುತ್ತೆ ಅನ್ನೋದಕ್ಕೆ ಸಾಕ್ಷಿ ಬೇಕಾ? 2022ರ ಫೆಬ್ರವರೀಲಿ ಅದೇ ಕೋರ್ಟು ನಾಲ್ಕಕ್ಕೆ ಮೂರರಲ್ಲಿ ಹೇಳ್ತು, ಪಾರ್ಟಿ ಲಾಭಕ್ಕೆ ಹಿಂಗೆ ಮ್ಯಾಪ್ ಬರೆಯೋದು ನಮ್ಮ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ. ಕೋರ್ಟಿನ ಮೇಲ್ವಿಚಾರಣೇಲಿ ಬಂದ ಮ್ಯಾಪಲ್ಲಿ ಆ ವರ್ಷ ನವೆಂಬರ್ ಎಲೆಕ್ಷನ್ ಆಯ್ತು, 7 ರಿಪಬ್ಲಿಕನ್, 7 ಡೆಮಾಕ್ರಟ್. ಐವತ್ತು ಐವತ್ತು ರಾಜ್ಯಕ್ಕೆ ಐವತ್ತು ಐವತ್ತು ಸೀಟು. ಆದ್ರೆ ಅದೇ ದಿನ, ಅದೇ ಬ್ಯಾಲೆಟ್ ಹಾಳೇಲಿ, ಕೆಳಗಡೆ ಎರಡು ಜಡ್ಜ್ ಸೀಟುಗಳೂ ಇದ್ವು. ಎರಡೂ ರಿಪಬ್ಲಿಕನ್ನರಿಗೆ ಹೋಯ್ತು, ಕೋರ್ಟು 5:2 ಆಯ್ತು. ಹೊಸ ಜಡ್ಜ್‌ಗಳು ಕೂತ ಮುಂದಿನ ತಿಂಗಳೇ ಮುಗಿದ ಕೇಸನ್ನ ಮತ್ತೆ ಕೇಳ್ತೀವಿ ಅಂದ್ರು, 2023ರ ಏಪ್ರಿಲ್ 28ಕ್ಕೆ ಹಿಂದಿನ ತೀರ್ಪು ತಿರುಗಿಸಿ ಹಾಕಿದ್ರು. ಹೊಸ ಸಾಕ್ಷಿ ಇಲ್ಲ, ಸಂವಿಧಾನದಲ್ಲಿ ಒಂದು ಅಕ್ಷರ ಬದಲಾಗಿರ್ಲಿಲ್ಲ, ಬದಲಾಗಿದ್ದು ಕುರ್ಚಿ ಮೇಲಿನ ಎರಡು ಜನ. ಆ ಅಕ್ಟೋಬರಲ್ಲೇ ಹೊಸ ಮ್ಯಾಪು, 2024ರಲ್ಲಿ 7:7 ಇದ್ದಿದ್ದು 10:4. ಆ ವರ್ಷ ವಾಷಿಂಗ್ಟನ್ನಿನ ಹೌಸಲ್ಲಿ, ಅಂದ್ರೆ ಕಾಂಗ್ರೆಸ್ಸಿನ ಕೆಳಮನೇಲಿ, ರಿಪಬ್ಲಿಕನ್ 220, ಡೆಮಾಕ್ರಟ್ 215. ಅದರಲ್ಲಿ ಈ ಮೂರು ಸೀಟು ಆ ಕಡೆ ಇಟ್ಟು ಲೆಕ್ಕ ಹಾಕಿ ನೋಡಿ, ನಾನು ಹೇಳಲ್ಲ.

ಇನ್ನೊಂದು ವಿಷಯ, ಇದನ್ನ ಊರಲ್ಲಿ ಹೇಳಿದ್ರೆ ನಂಬಲ್ಲ. ವರ್ಷಗಟ್ಟಲೆ ಸೆನೆಟ್ ನಡೆಸಿ ಈ ಮ್ಯಾಪುಗಳನ್ನೆಲ್ಲ ಪಾಸ್ ಮಾಡಿಸಿದ ಲೀಡರ್ ಫಿಲ್ ಬರ್ಗರ್. ಅದೇ ಸುಪ್ರೀಂ ಕೋರ್ಟಲ್ಲಿ ಕೂತು ಆ ಮ್ಯಾಪ್ ಸರಿನಾ ತಪ್ಪಾ ಅಂತ ಹೇಳೋ ಏಳು ಜನರಲ್ಲಿ ಒಬ್ಬರು ಫಿಲ್ ಬರ್ಗರ್ ಜೂನಿಯರ್, ಅವರ ಸ್ವಂತ ಮಗ. ನಮ್ಮ ಕುಟುಂಬ ರಾಜಕಾರಣಾನ ಬೈಯ್ಕೊಂಡು ಇಲ್ಲಿಗೆ ಬಂದೋರು ನಾವು.

ಅಂಪೈರ್‌ಗಳನ್ನ ಕೈಗೆ ತಗೊಳ್ಳೋ ಕೆಲಸ ಕೋರ್ಟಿಗೆ ನಿಂತಿಲ್ಲ. 2023ರ ಬಜೆಟ್ ಒಳಗೆ ಸೇರಿಸಿ ಒಂದು ಬದಲಾವಣೆ ತಂದ್ರು, ಶಾಸಕರ ದಾಖಲೆಗಳಲ್ಲಿ ಯಾವುದು ಪಬ್ಲಿಕ್ಕಿಗೆ ಕೊಡ್ಬೇಕು ಯಾವುದು ಬೇಡ ಅಂತ ಅವರೇ ತೀರ್ಮಾನ ಮಾಡ್ಬೋದು, ಮ್ಯಾಪ್ ಬರೆದ ಕಾಗದಪತ್ರಾನೂ ಸೇರಿ. ಹೊಫೆಲರ್ ಸತ್ತ ಮೇಲೆ ಅವರ ಮಗಳೇ ಅಪ್ಪನ ಹಾರ್ಡ್‌ಡ್ರೈವ್‌ಗಳನ್ನ ತಗೊಂಡೋಗಿ ಕೇಸ್ ಹಾಕಿದೋರ ಕೈಗೆ ಕೊಟ್ಟಿದ್ರಿಂದ ಹಳೇ ಮ್ಯಾಪಿನ ಒಳಗುಟ್ಟು ಹೊರಗೆ ಬಂದಿತ್ತು, ಇನ್ಮುಂದೆ ಅಂಥ ಮಗಳು ಹುಟ್ಟೋವರೆಗೂ ಕಾಯ್ಬೇಕು. 2024ರ ಡಿಸೆಂಬರಲ್ಲಿ ಹೆಲೀನ್ ಚಂಡಮಾರುತದ ಪರಿಹಾರ ಅಂತ ಹೆಸರಿಟ್ಟ ಬಿಲ್ಲಲ್ಲಿ ಎಲೆಕ್ಷನ್ ಬೋರ್ಡಿಗೆ ಸದಸ್ಯರನ್ನ ನೇಮಿಸೋ ಅಧಿಕಾರ ಗವರ್ನರ್‌ನಿಂದ ಕಿತ್ತು ಸ್ಟೇಟ್ ಆಡಿಟರ್‌ಗೆ ಕೊಟ್ರು. ಲೆಕ್ಕ ತಪಾಸಣೆ ಮಾಡೋರಿಗೆ ಎಲೆಕ್ಷನ್ ಯಾಕೆ? ಆಡಿಟರ್ ರಿಪಬ್ಲಿಕನ್, ಗವರ್ನರ್ ಡೆಮಾಕ್ರಟ್, ಬೇರೆ ಕಾರಣ ಇದ್ರೆ ಯಾರಾದ್ರೂ ಹೇಳಿ. ಬೆಟ್ಟದ ಕಡೆ ಮನೆಮಠ ಕೊಚ್ಚಿಕೊಂಡು ಹೋದ ಜನರ ಹೆಸರಲ್ಲಿ ಇದನ್ನ ಮಾಡಿದ್ದು ನನಗೆ ಗೆರೆ ಎಳೆದಿದ್ದಕ್ಕಿಂತ ಅಸಹ್ಯ ಅನಿಸ್ತು.

ಮತ್ತೆ 734 ಅನ್ನೋ ಒಂದು ಸಂಖ್ಯೆ ಇದೆ. 2024ರ ರಾಜ್ಯ ಸುಪ್ರೀಂ ಕೋರ್ಟ್ ಎಲೆಕ್ಷನಲ್ಲಿ 55 ಲಕ್ಷ ವೋಟಲ್ಲಿ ಡೆಮಾಕ್ರಟ್ ಆಲಿಸನ್ ರಿಗ್ಸ್ ಬರೀ 734 ವೋಟಲ್ಲಿ ಗೆದ್ರು. ಎರಡು ಸಲ ರೀಕೌಂಟ್ ಆಯ್ತು. ಸೋತ ರಿಪಬ್ಲಿಕನ್ ಜೆಫರ್ಸನ್ ಗ್ರಿಫಿನ್ ಒಪ್ಪಲಿಲ್ಲ, 65 ಸಾವಿರಕ್ಕೂ ಹೆಚ್ಚು ಜನರ ವೋಟು ಎಣಿಸಬಾರದು ಅಂತ ಕೇಸ್ ಹಾಕಿದ್ರು. ಆ ಜನ ತಪ್ಪು ಮಾಡಿದ್ದಾ? ಬಹಳಷ್ಟು ಜನರದ್ದು ರಿಜಿಸ್ಟ್ರೇಷನ್ ಡೇಟಾಬೇಸಲ್ಲಿ ಡ್ರೈವಿಂಗ್ ಲೈಸೆನ್ಸ್ ನಂಬರೋ ಸೋಷಿಯಲ್ ಸೆಕ್ಯುರಿಟಿಯ ಕೊನೇ ನಾಲ್ಕು ಅಂಕಿನೋ ಇರ್ಲಿಲ್ಲ, ಹಳೇ ಫಾರಂ ಸರಿಯಾಗಿ ಕೇಳಿರ್ಲಿಲ್ಲ ಅಷ್ಟೇ. ಲಿಸ್ಟು ಆನ್‌ಲೈನಲ್ಲಿ ಬಂದಾಗ ನಮ್ಮ ಪರಿಚಯದೋರೊಬ್ಬರ ಹೆಸರೂ ಇತ್ತು, ವರ್ಷಗಳಿಂದ ವೋಟು ಹಾಕ್ತಿರೋ ಮನುಷ್ಯ, ಫೋಟೊ ಐಡಿ ತೋರಿಸಿ ಹಾಕಿದ್ದು, ಪಾಪ ಆಫೀಸಲ್ಲಿ ಕೂತು ನಾನೇನು ಮಾಡ್ಬಾರದ್ದು ಮಾಡ್ದೆ ಅಂತ ಒದ್ದಾಡಿಹೋದ್ರು. ಆರು ತಿಂಗಳು ಎಳೆದಾಡಿ, ರಾಜ್ಯದ ಕೋರ್ಟುಗಳು ಒಂದಷ್ಟು ಜನರ ವೋಟು ತೆಗೆಯೋಕೆ ದಾರಿ ಮಾಡಿಕೊಟ್ಟ ಮೇಲೆ, 2025ರ ಮೇ ತಿಂಗಳಲ್ಲಿ ಫೆಡರಲ್ ಜಡ್ಜ್ ರಿಚರ್ಡ್ ಮೈಯರ್ಸ್, ಟ್ರಂಪೇ ನೇಮಿಸಿದೋರು, ಆಟ ಮುಗಿದ ಮೇಲೆ ರೂಲ್ಸ್ ಬದಲಾಯಿಸೋಕಾಗಲ್ಲ ಅಂತ ತಡೆದ್ರು. ಆಮೇಲೆ ಗ್ರಿಫಿನ್ ಸೋಲು ಒಪ್ಕೊಂಡ್ರು. ಅದಕ್ಕಿಂತ ಮುಂಚೆ 2020ರಲ್ಲಿ ಚೀಫ್ ಜಸ್ಟಿಸ್ ಸೀಟು ಪಾಲ್ ನ್ಯೂಬಿ ಅವರಿಗೆ ಹೋಗಿದ್ದು 401 ವೋಟಲ್ಲಿ. ಕ್ಯಾರಿ ವೆಂಕಟೇಶ್ವರ ದೇವಸ್ಥಾನದಲ್ಲಿ ವೈಕುಂಠ ಏಕಾದಶಿ ದಿನ ಪ್ರಸಾದದ ಸಾಲಲ್ಲಿ ಇದಕ್ಕಿಂತ ಜಾಸ್ತಿ ಜನ ನಿಂತಿರ್ತಾರೆ ಕಣ್ರೀ.

ಈಗ ಕೆಲವರು ಕೇಳ್ತೀರ, ಟೆಕ್ಸಸ್‌ನಲ್ಲಿ 2025ರಲ್ಲಿ ರಿಪಬ್ಲಿಕನ್ನರಿಗೆ ಇನ್ನೂ ಐದು ಸೀಟು ತರೋಕೆ ಮ್ಯಾಪ್ ಬದಲಾಯಿಸಿದ್ರು, ಅದಕ್ಕೆ ಕ್ಯಾಲಿಫೋರ್ನಿಯಾದೋರು ತಮ್ಮ ಸ್ವತಂತ್ರ ಕಮಿಷನ್ ಮ್ಯಾಪನ್ನೇ ಪಕ್ಕಕ್ಕಿಟ್ಟು ಪ್ರಾಪೊಸಿಷನ್ 50 ಅಂತ ತಂದ್ರಲ್ಲ, ಅದು ಸರಿನಾ ಅಂತ. ಸರಿ ಅಲ್ಲ. ಅವರು ಜನರ ವೋಟಿಗೆ ಹಾಕಿ ಮಾಡಿದ್ರು, ನಮ್ಮೋರು ಮೂರು ದಿನದಲ್ಲಿ ಮಾಡಿದ್ರು, ಆ ವ್ಯತ್ಯಾಸ ಇದೆ, ಆದ್ರೂ ಕ್ಯಾಲಿಫೋರ್ನಿಯಾದ ಹಳ್ಳಿ ಕಡೆ ಇರೋ ರಿಪಬ್ಲಿಕನ್ ರೈತಂಗೂ ಎ ಅಂಡ್ ಟಿ ಹುಡುಗಂಗೆ ಆದ ಅನ್ಯಾಯಾನೇ ಆಗಿದ್ದು. ಒಂದು ಒಳ್ಳೇ ಸುದ್ದಿ ಅಂದ್ರೆ ಇಂಡಿಯಾನಾದಲ್ಲಿ ವೈಟ್‌ಹೌಸಿಂದಾನೇ ಒತ್ತಡ ಬಂದ್ರೂ ರಿಪಬ್ಲಿಕನ್ ಸೆನೆಟರ್‌ಗಳೇ 2025ರ ಡಿಸೆಂಬರಲ್ಲಿ ಅಂಥದ್ದೇ ಹೊಸ ಮ್ಯಾಪನ್ನ ಆಗಲ್ಲ ಅಂತ ಸೋಲಿಸಿದ್ರು. ಬೇಡ ಅನ್ನೋಕೆ ಆಗುತ್ತೆ ಅಂತಾಯ್ತು.

ಊರಿನ ಮಾತು ಬರದೇ ಇರುತ್ತಾ. ಇಂಡಿಯಾದಲ್ಲಿ ಲೋಕಸಭೆ, ವಿಧಾನಸಭೆ ಕ್ಷೇತ್ರ ಬರೆಯೋದು ಡಿಲಿಮಿಟೇಷನ್ ಕಮಿಷನ್, ಸುಪ್ರೀಂ ಕೋರ್ಟ್ ಜಡ್ಜ್ ಆಗಿದ್ದೋರು ಅಧ್ಯಕ್ಷರು, ಎಂಪಿ ಎಂಎಲ್‌ಎಗಳು ಕೂತು ಮಾತಾಡ್ಬೋದು ವೋಟು ಹಾಕೋ ಹಾಗಿಲ್ಲ. 2008ರಲ್ಲಿ ಕರ್ನಾಟಕದ ಎಲೆಕ್ಷನ್ ಆ ಹೊಸ ಗಡಿಗಳ ಮೇಲೇ ಆಗಿದ್ದು. ಅದನ್ನ ಇಲ್ಲಿನ ಅಮೆರಿಕನ್ ಫ್ರೆಂಡ್ಸಿಗೆ ಹೇಳಿದ್ರೆ ಅಸೂಯೆ ಪಡ್ತಾರೆ. ಆದ್ರೆ ಜಂಬ ಕೊಚ್ಕೊಳ್ಳೋಕೆ ಮುಂಚೆ ಬೆಂಗಳೂರು ನೋಡಿ, ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರಲ್ಲಿ, ಒಂದು ಸರ್ಕಾರ 198 ವಾರ್ಡನ್ನ 243 ಮಾಡ್ತು, ಇನ್ನೊಂದು ಬಂದು 225 ಮಾಡ್ತು, ಆಮೇಲೆ ಬಿಬಿಎಂಪಿನೇ ಹೋಗಿ ಐದು ಕಾರ್ಪೊರೇಷನ್ ಆಯ್ತು, ಗೆರೆ ಎಳೆಯೋದರಲ್ಲೇ ವರ್ಷ ವರ್ಷ ಹೋಯ್ತು, ಅಷ್ಟೂ ದಿನ ಕಾರ್ಪೊರೇಟರೇ ಇರ್ಲಿಲ್ಲ. ಕಮಿಷನ್ ಇಲ್ಲದ ಕಡೆ ನಾವೂ ಇವರಂಗೇ.

ಜಡ್ಜ್‌ಗಳನ್ನ ಎಲೆಕ್ಷನಲ್ಲಿ ಆರಿಸೋದೇ ತಪ್ಪು, ಅದೂ ಪಾರ್ಟಿ ಹೆಸರು ಹಾಕ್ಕೊಂಡು, ಅಂತ ನಮ್ಮ ಮನೇಲೇ ವಾದ ಆಗಿದೆ. ನನಗೂ ಹಂಗೇ ಅನಿಸುತ್ತೆ. ಆದ್ರೆ ಇರೋ ಕಾನೂನು ಅದು, ನಾವು ಖಾಲಿ ಬಿಟ್ರೆ ಎಲೆಕ್ಷನ್ ನಿಲ್ಲಲ್ಲ, ಬೇರೆಯೋರು ಆರಿಸ್ತಾರೆ. ಮೇಲ್ಗಡೆ ಅಧ್ಯಕ್ಷರಿಗೋ ಸೆನೆಟ್‌ಗೋ ಹಾಕಿದ್ರೆ ಕೆಳಗಿಂದೆಲ್ಲ ಅದೇ ಪಾರ್ಟಿಗೆ ತಾನಾಗೇ ಹೋಗುತ್ತೆ ಅಂತ ಅಂದ್ಕೊಂಡಿರೋರು ನಮ್ಮಲ್ಲಿ ತುಂಬ ಜನ ಇದ್ದಾರೆ, ಆ ಒಂದೇ ಗುರುತಿನ ಪದ್ಧತೀನ ಈ ರಾಜ್ಯದಲ್ಲಿ 2013ರ ಕಾನೂನಲ್ಲೇ ತೆಗೆದುಹಾಕಿದ್ರು. ಪ್ರತಿ ಹೆಸರಿನ ಮುಂದೆ ಬೇರೆ ಬೇರೆ ಗುಂಡಿ ತುಂಬಬೇಕು, ಹಾಳೆ ಹಿಂದೆ ತಿರುಗಿಸಿ ನೋಡ್ಬೇಕು.

2026ರ ನವೆಂಬರಲ್ಲಿ ಒಂದು ಸೀಟಿದೆ, ಈಗ ಅದರಲ್ಲಿರೋರು ಡೆಮಾಕ್ರಟ್ ಅನಿಟಾ ಅರ್ಲ್ಸ್, ಎದುರಿಗೆ ರಿಪಬ್ಲಿಕನ್ ಶಾಸಕಿ ಸಾರಾ ಸ್ಟೀವನ್ಸ್. 2028ರಲ್ಲಿ ಮೂರು ಸೀಟು, ನ್ಯೂಬಿ ಅವರದ್ದು, ಬರ್ಗರ್ ಜೂನಿಯರ್ ಅವರದ್ದು, ಟಮಾರಾ ಬ್ಯಾರಿಂಜರ್ ಅವರದ್ದು. 2030ರ ಸೆನ್ಸಸ್ ಮುಗಿದು 2031ರಲ್ಲಿ ಹೊಸ ಮ್ಯಾಪ್ ಬಂದಾಗ ಅದನ್ನ ನೋಡೋ ಕೋರ್ಟು ಈ ಎಲೆಕ್ಷನ್‌ಗಳಲ್ಲೇ ತಯಾರಾಗೋದು. ಯಾರಿಗೆ ಹಾಕ್ತೀರ ಅನ್ನೋದು ನಿಮ್ಮಿಷ್ಟ, ನಾನು ಕೇಳೋದೂ ಇಲ್ಲ. ಅಭ್ಯರ್ಥಿಗಳು ನಿಮ್ಮ ಮೊರಿಸ್‌ವಿಲ್, ಕ್ಯಾರಿ ಕಾರ್ಯಕ್ರಮಕ್ಕೆ ಶಾಲು ಹೊದಿಸ್ಕೊಳ್ಳೋಕೆ ಬಂದ್ರೆ ಮಾತ್ರ ಒಂದು ಪ್ರಶ್ನೆ ಕೇಳಿ: ಮ್ಯಾಪ್ ಬರೆಯೋದನ್ನ ಸ್ವತಂತ್ರ ಕಮಿಷನ್‌ಗೆ ಕೊಡೋಕೆ ಒಪ್ತೀರಾ, ನಿಮ್ಮ ಪಾರ್ಟಿ ಕೈಲಿ ಪೆನ್ಸಿಲ್ ಇದ್ದಾಗ್ಲೂ? ಜಡ್ಜ್ ಅಭ್ಯರ್ಥಿಗಳು ಉತ್ತರ ಕೊಡದೇ ಇರ್ಬೋದು, ಶಾಸಕರು ಕೊಡ್ಬೇಕು.

ಇನ್ನು ಕೆಲಸದ ಮಾತು. ಸ್ಟೇಟ್ ಎಲೆಕ್ಷನ್ ಬೋರ್ಡ್ ವೆಬ್‌ಸೈಟಲ್ಲಿ ನಿಮ್ಮ ಹೆಸರು ಹಾಕಿ ರಿಜಿಸ್ಟ್ರೇಷನ್ ಸರಿ ಇದ್ಯಾ ನೋಡ್ಕೊಳ್ಳಿ, 2025ರಲ್ಲಿ ಒಂದು ಲಕ್ಷದಷ್ಟು ಜನರ ದಾಖಲೆ ಅಪೂರ್ಣ ಅಂತ ರಿಪೇರಿ ಲಿಸ್ಟ್ ಮಾಡಿದ್ದಾರೆ, ಲೆಟರ್ ಬಂದಿದ್ರೆ ಜಂಕ್ ಮೇಲ್ ಅಂತ ಎಸೀಬೇಡಿ. ಸ್ಯಾಂಪಲ್ ಬ್ಯಾಲೆಟ್ ಅಲ್ಲೇ ಸಿಗುತ್ತೆ, ಮುಂಚೇನೇ ಪ್ರಿಂಟ್ ತಗೊಂಡು ಕೆಳಗಿಂದ ಮೇಲಕ್ಕೆ ಓದಿ. ಮನೆ ಬದಲಾಯಿಸಿ ಅಡ್ರೆಸ್ ಅಪ್‌ಡೇಟ್ ಮಾಡಿಲ್ಲ ಅಂದ್ರೂ ಅರ್ಲಿ ವೋಟಿಂಗ್ ಟೈಮಲ್ಲಿ ಅಲ್ಲೇ ರಿಜಿಸ್ಟರ್ ಮಾಡಿ ಹಾಕ್ಬೋದು, ಎಲೆಕ್ಷನ್ ದಿನ ಆ ಸೌಲಭ್ಯ ಇಲ್ಲ. ಫೋಟೊ ಐಡಿ ಇಟ್ಕೊಳ್ಳಿ. ಇಲ್ಲೇ ಹುಟ್ಟಿದ ಮಕ್ಕಳಿಗೆ 16 ಆಗಿದ್ರೆ ಈಗ್ಲೇ ಪ್ರೀ ರಿಜಿಸ್ಟರ್ ಮಾಡಿಸ್ಬೋದು, ಲೈಸೆನ್ಸ್ ಮಾಡಿಸೋಕೆ ಡಿಎಂವಿಗೆ (ಇಲ್ಲಿನ ಆರ್‌ಟಿಒ) ಹೋಗೇ ಹೋಗ್ತೀರಲ್ಲ. ಮತ್ತೆ ಗ್ರೀನ್ ಕಾರ್ಡ್, ಎಚ್ ಒನ್ ಬಿಲಿ ಇರೋರು ಯಾರೇ ಒತ್ತಾಯ ಮಾಡಿದ್ರೂ, ಡಿಎಂವಿ ಕೌಂಟರಲ್ಲಿ ಬಾಯಿತಪ್ಪಿ ಕೇಳಿದ್ರೂ ವೋಟರ್ ರಿಜಿಸ್ಟ್ರೇಷನ್‌ಗೆ ಹೂಂ ಅನ್ಬೇಡಿ, ಆಮೇಲೆ ಸಿಟಿಜನ್‌ಶಿಪ್ಪಿಗೇ ಕುತ್ತು ಬರುತ್ತೆ. ಅಪ್ಪ ಅಮ್ಮ ಗ್ರೀನ್ ಕಾರ್ಡಲ್ಲಿ ಜೊತೇಲಿ ಇದ್ರೆ ಅವರಿಗೂ ಇದನ್ನ ಒಂದು ಸಲ ಬಿಡಿಸಿ ಹೇಳಿ, ಕೌಂಟರಲ್ಲಿ ಕೇಳಿದ್ದಕ್ಕೆಲ್ಲ ಎಸ್ ಎಸ್ ಅನ್ನೋ ಅಭ್ಯಾಸ ನಮ್ಮ ಹಿರಿಯರಿಗೆ ಜಾಸ್ತಿ.

ಇಂತಿ,
ಕ್ಯಾರಿಯಿಂದ ನಿಮ್ಮಲ್ಲೊಬ್ಬರು